ತುಂಬಿದ ಕೊಡವೂ ತುಳುಕುತ್ತದೆ



ತುಂಬಿದ ಕೊಡ ತುಳುಕುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮನುಷ್ಯನ ಗುಣದ ವಿಷಯದಲ್ಲಿ ಈ ಮಾತು ಸತ್ಯ. ಆದರೆ ಹಳೆಯ ಮೋಟಾರು ಗಾಡಿಯ ರೇಡಿಯೇಟರಿಗೆ ಇದನ್ನು ಹಚ್ಚಲು ಬರುವುದಿಲ್ಲ. ಅಲ್ಲಿ ಬಾಯಿಮಟ್ಟ ತುಂಬಿದ ಕೊಡವೇ ತುಳುಕುತ್ತದೆ, ಬೇಸಿಗೆಯಲ್ಲಂತೂ ತಪ್ಪದೆ ತುಳುಕುತ್ತದೆ. ಇದನ್ನು ಕಂಡು ಗಾಬರಿಯಾಗುವವರು ಬಹಳ. ಗಾಬರಿಯಲ್ಲಿ ಮೈ ಸುಟ್ಟುಕೊಂಡವರನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ತಂದೆಯವರ ಕಾಲದ ಒಂದು ಫಿಯಾಟ್ ಅಥವಾ ಅಂಬಾಸಿಡರ್ ಇನ್ನೂ ಅಂಗಳದಲ್ಲಿ ನಿಂತಿರುವುದರಿಂದ, ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆನಿಸಿತು.

ನಾವು ಮೆಟ್ರಿಕ್‌ವರೆಗೆ ಓದಿದವರು, ಇಂಜಿನಿಯರರಲ್ಲ. ಅಕ್ಕಲಕೋಟೆಯಲ್ಲಿ ಧಾನ್ಯದ ಅಡತಿ ಅಂಗಡಿ ನಡೆಸಿಕೊಂಡು ಬಂದವರು. ತೊಗರಿ, ಜೋಳ, ಕಡಲೆಗಳ ವ್ಯವಹಾರಕ್ಕಾಗಿ ಸೊಲ್ಲಾಪುರದ ಮಾರುಕಟ್ಟೆಗೆ ವಾರಕ್ಕೆ ಎರಡು ಸಲವಾದರೂ ಹೋಗಿ ಬರುವುದು ನಮ್ಮ ರೂಢಿ. ನಮ್ಮ ಪ್ರೀಮಿಯರ್ ಪದ್ಮಿನಿ ಗಾಡಿ 1987ರಲ್ಲಿ ಮನೆಗೆ ಬಂದದ್ದು. ಆಗ ಹಣ ಕಟ್ಟಿದ ಮೇಲೂ ಗಾಡಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ನಮ್ಮ ತಂದೆಯವರೂ ಹಾಗೆಯೇ ಕಾದು ತಂದರು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಿಕೊಂಡು ಅದನ್ನು ಇಟ್ಟುಕೊಂಡಿದ್ದೇವೆ.

ಈ ಗಾಡಿಯ ಮೇಲೆ ನಮಗಿರುವ ಅಭಿಮಾನಕ್ಕೆ ಇನ್ನೊಂದು ಕಾರಣವೂ ಉಂಟು. ಇದನ್ನು ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದವರು ಶೇಠ ವಾಲಚಂದ ಹಿರಾಚಂದರು. 1882ರಲ್ಲಿ ಸೊಲ್ಲಾಪುರದಲ್ಲಿ, ನಮ್ಮದೇ ದಿಗಂಬರ ಜೈನ ಸಮಾಜದ ವರ್ತಕ ಮನೆತನದಲ್ಲಿ ಹುಟ್ಟಿದವರು. 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಅಡಿಗಲ್ಲು ಹಾಕಿಸಿದವರೂ ಅವರೇ. ಅವರು 1953ರಲ್ಲಿ ತೀರಿಕೊಂಡರು. ಅವರ ಕಂಪನಿ ಇಟಲಿಯ ಫಿಯಾಟ್ 1100 ಗಾಡಿಯನ್ನು ಮುಂಬಯಿಯ ಕುರ್ಲಾದಲ್ಲಿ ದಶಕಗಳ ಕಾಲ ತಯಾರಿಸಿತು. ಅದಕ್ಕೇ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅಂಬಾಸಿಡರ್ ತಯಾರಿಕೆಯೂ 2014ರಲ್ಲಿ ನಿಂತಿದೆ. ಇನ್ನು ಕೆಲವು ನಮ್ಮಂಥವರ ಮನೆಗಳಲ್ಲಿ ಉಳಿದಿವೆ. ಆದ್ದರಿಂದ ಇವುಗಳ ಸ್ವಭಾವ ತಿಳಿದ ಮಿಸ್ತ್ರಿಗಳೂ ಕಡಿಮೆಯಾಗುತ್ತಿದ್ದಾರೆ. ಸ್ವಲ್ಪವಾದರೂ ನಾವೇ ತಿಳಿದಿರಬೇಕು.

ಮೊದಲು ನೀರು ಏಕೆ ತುಳುಕುತ್ತದೆ ಎಂಬುದನ್ನು ನೋಡೋಣ. ಕಾಯಿಸಿದ ವಸ್ತು ಹಿಗ್ಗುತ್ತದೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮುಂಜಾನೆ 30 ಡಿಗ್ರಿ ಇದ್ದ ನೀರು ಇಂಜಿನ್ನಿನಲ್ಲಿ 95 ಡಿಗ್ರಿಗೆ ಏರಿದಾಗ ನೂರಕ್ಕೆ ಮೂರೂವರೆ ಪಾಲು ಹೆಚ್ಚಾಗುತ್ತದೆ. ಐದು ಲೀಟರ್ ನೀರು ಹಿಡಿಯುವ ಗಾಡಿಯಲ್ಲಿ ಇದು ಸುಮಾರು 175 ಮಿಲಿಲೀಟರ್, ಅಂದರೆ ಸಣ್ಣ ಕಪ್ಪಿನಲ್ಲಿ ಎರಡು ಕಪ್ ಚಹದಷ್ಟು. ನೀರಿಗೆ ಕೂಲಂಟ್ ಎಂಬ ದ್ರವ ಕೂಡಿಸಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಈ ಎರಡು ಕಪ್ಪಿಗೆ ಒಳಗೆ ಜಾಗವಿಲ್ಲದಿದ್ದರೆ ಅದು ಮುಚ್ಚಳದ ಸ್ಪ್ರಿಂಗನ್ನು ಮೇಲಕ್ಕೆ ತಳ್ಳಿ, ಪಕ್ಕದ ಸಣ್ಣ ನಳಿಗೆಯಿಂದ ನೆಲಕ್ಕೆ ಬೀಳುತ್ತದೆ. ಈಗಿನ ಗಾಡಿಗಳಲ್ಲಿ ಹೀಗೆ ಹೊರಬಂದ ನೀರನ್ನು ಹಿಡಿದಿಡಲು ಪ್ಲಾಸ್ಟಿಕ್ ಬಾಟಲಿ ಇರುತ್ತದೆ. ಆ ಕಾಲದ ಬಹಳಷ್ಟು ಗಾಡಿಗಳಿಗೆ ಅಂಥದ್ದು ಇರಲಿಲ್ಲ. ನೀರು ನೆಲಕ್ಕೆ ಬೀಳುವುದು ಅವುಗಳ ರಚನೆಯಲ್ಲಿಯೇ ಇದೆ, ಕೆಟ್ಟದ್ದರ ಗುರುತಲ್ಲ.

ಇದು ನಮ್ಮ ವ್ಯಾಪಾರದವರಿಗೆ ಹೊಸ ಮಾತಲ್ಲ. ಗೋಣಿಚೀಲಕ್ಕೆ ಧಾನ್ಯ ತುಂಬುವಾಗ ಬಾಯಿಯ ತನಕ ಯಾರಾದರೂ ತುಂಬುತ್ತಾರೆಯೇ? ದಬ್ಬಣ, ಸುತಳಿ ಹಾಕಿ ಹೊಲಿಯಲು ಒಂದು ಗೇಣು ಬಟ್ಟೆ ಬಿಟ್ಟೇ ತುಂಬುತ್ತೇವೆ. ರೇಡಿಯೇಟರಿಗೂ ಹಾಗೆಯೇ. ಗಾಡಿ ಪೂರ್ತಿ ತಣ್ಣಗಿರುವಾಗ, ಒಳಗಿನ ತಾಮ್ರದ ಕೊಳವೆಗಳು ಮುಳುಗುವಷ್ಟು ನೀರಿರಬೇಕು. ಆದರೆ ಬಾಯಿಂದ ಕೆಳಗೆ ಒಂದರಿಂದ ಒಂದೂವರೆ ಇಂಚು ಬರಿದಾಗಿರಬೇಕು. ಬಾಯಿಮಟ್ಟ ತುಂಬಿಸಿದರೆ ಗಾಡಿ ತನಗೆ ಬೇಡವಾದದ್ದನ್ನು ಹೊರಹಾಕಿ, ತನ್ನ ಮಟ್ಟವನ್ನು ತಾನೇ ಹಿಡಿಯುತ್ತದೆ. ಮರುದಿನ ಮುಚ್ಚಳ ತೆಗೆದು ನೋಡಿದವರು ‘ಅಯ್ಯೋ, ಒಂದು ಇಂಚು ಇಳಿದಿದೆ’ ಎಂದು ಮತ್ತೆ ತುಂಬಿಸುತ್ತಾರೆ. ಗಾಡಿ ಮತ್ತೆ ಹೊರಹಾಕುತ್ತದೆ. ಈ ಆಟ ಬೇಸಿಗೆಯುದ್ದಕ್ಕೂ ನಡೆಯುತ್ತದೆ.

ಇನ್ನೊಂದು ವಿಚಿತ್ರವನ್ನು ಗಮನಿಸಿರಬಹುದು. ಓಡುವಾಗ ಒಂದು ಹನಿಯೂ ಚೆಲ್ಲದ ಗಾಡಿ, ಮನೆಗೆ ಬಂದು ನಿಲ್ಲಿಸಿದ ಐದು ನಿಮಿಷಕ್ಕೆ ನೀರು ಬಿಡುತ್ತದೆ. ನಮ್ಮ ಮೊಮ್ಮಗಳು ಅಂಗಳದಿಂದ ಓಡಿ ಬಂದು, “ಅಜ್ಜಾ, ಗಾಡಿ ಮತ್ತ ನೀರು ಕಾರ್ಲಿಕ್ಕತ್ತದ!” ಎಂದು ಕೂಗುವುದು ಪ್ರತಿ ಮೇ ತಿಂಗಳ ಮಾತು. ಇದಕ್ಕೆ ಕಾರಣ ಸರಳ. ಇಂಜಿನ್ ನಿಲ್ಲಿಸಿದೊಡನೆ ನೀರು ತಿರುಗಿಸುವ ಪಂಪು ನಿಲ್ಲುತ್ತದೆ, ಬೆಲ್ಟಿನ ಮೇಲೆ ತಿರುಗುವ ಫ್ಯಾನೂ ನಿಲ್ಲುತ್ತದೆ. ಆದರೆ ಕಾದ ಕಬ್ಬಿಣ ತಣ್ಣಗಾಗಿರುವುದಿಲ್ಲ. ಒಲೆ ಆರಿಸಿದ ಮೇಲೂ ಹಂಚಿನ ಮೇಲೆ ರೊಟ್ಟಿ ಸೀಯುವಂತೆ, ಅದು ಸುತ್ತಲಿನ ನೀರನ್ನು ಕಾಯಿಸುತ್ತಲೇ ಇರುತ್ತದೆ. ಓಡುವಾಗಿನದಕ್ಕಿಂತ ನಿಂತಾಗಲೇ ನೀರಿನ ಬಿಸಿ ಏರುತ್ತದೆ. ಸೊಲ್ಲಾಪುರ ಸೀಮೆಯಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42, 43 ಡಿಗ್ರಿ ಬಿಸಿಲು. ಟಾರು ರಸ್ತೆಯ ಮೇಲೆ ಅದಕ್ಕಿಂತ ಎಷ್ಟೋ ಹೆಚ್ಚು. ಉಪಾಯವೂ ಸರಳ. ದೂರದಿಂದ ಬಂದಾಗ ಅಥವಾ ಘಾಟು ಹತ್ತಿದ ಮೇಲೆ ಗಾಡಿಯನ್ನು ಗಾಳಿಗೆ ಮುಖ ಮಾಡಿ ನೆರಳಿನಲ್ಲಿ ನಿಲ್ಲಿಸಿ, ಒಂದೆರಡು ನಿಮಿಷ ಇಂಜಿನ್ನು ನಿಧಾನವಾಗಿ ತಿರುಗುತ್ತಿರಲಿ. ಆಮೇಲೆ ಕೀಲಿ ತಿರುಗಿಸಬೇಕು.

ಹಾಗಾದರೆ ರೋಗ ಯಾವುದು, ಸ್ವಭಾವ ಯಾವುದು ಎಂದು ತಿಳಿಯುವುದು ಹೇಗೆ? ನಾವು ಅನುಸರಿಸುವ ರೀತಿ ಇದು. ಮುಂಜಾನೆ ತಣ್ಣಗಿರುವಾಗ ಮುಚ್ಚಳ ತೆಗೆದು, ಸ್ವಚ್ಛವಾದ ಕಡ್ಡಿಯಿಂದ ನೀರಿನ ಮಟ್ಟ ಅಳೆದು ದಿನಚರಿಯಲ್ಲಿ ಬರೆದಿಡಬೇಕು. ಎಂದಿನಂತೆ ಓಡಿಸಿ, ಏನನ್ನೂ ಕೂಡಿಸದೆ, ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯಬೇಕು. ಮೊದಲ ದಿನ ಸ್ವಲ್ಪ ಇಳಿದು, ಆಮೇಲೆ ನಾಲ್ಕು ದಿನ ಅಲ್ಲಿಯೇ ನಿಂತರೆ ಗಾಡಿಗೆ ಏನೂ ಆಗಿಲ್ಲ. ಅದೇ ಅದರ ಮಟ್ಟ. ದಿನದಿನಕ್ಕೆ ಇಳಿಯುತ್ತಲೇ ಹೋದರೆ ಮಾತ್ರ ಮಿಸ್ತ್ರಿಯ ಬಳಿ ಹೋಗಬೇಕು.

ಆಗ ನೋಡಬೇಕಾದವು ಹಲವು. ಫ್ಯಾನ್ ಬೆಲ್ಟು ಸಡಿಲಾಗಿದೆಯೇ? ರಬ್ಬರಿನ ಪೈಪುಗಳು ಬಿರುಕು ಬಿಟ್ಟಿವೆಯೇ ಅಥವಾ ಒಳಗೆ ಕುಸಿದಿವೆಯೇ? ಮಾರುಕಟ್ಟೆಯಲ್ಲಿ ಓಡಾಡುವ ನಮ್ಮ ಗಾಡಿಯ ರೇಡಿಯೇಟರಿನ ಸಂದುಗಳಲ್ಲಿ ಧೂಳು, ಹೊಟ್ಟು ಸೇರಿ ಗಾಳಿಯ ದಾರಿಯೇ ಕಟ್ಟುತ್ತದೆ. ಬೇಸಿಗೆಗೆ ಮುಂಚೆ ಅದನ್ನು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ ತೊಳೆಸುತ್ತೇವೆ. ಎಲ್ಲಕ್ಕಿಂತ ದೊಡ್ಡ ರೋಗವೆಂದರೆ ಹೆಡ್ ಗ್ಯಾಸ್ಕೆಟ್ ಸೀಳುವುದು. ತಣ್ಣನೆಯ ಗಾಡಿಯ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿದಾಗ, ನೀರು ಇನ್ನೂ ಕಾಯುವ ಮೊದಲೇ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಅಥವಾ ಇಂಜಿನ್ ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಅದರ ಸಂಶಯ ಪಡಬೇಕು. ಅಂಥ ಗಾಡಿಯನ್ನು ಮುಂದೆ ಓಡಿಸಬಾರದು.

ಮುಚ್ಚಳದ ಬಗ್ಗೆ ಎರಡು ಮಾತು. ನೋಡಲು ಉಪ್ಪಿನಕಾಯಿ ಬಾಟಲಿಯ ಮುಚ್ಚಳದಂತಿದ್ದರೂ ಅದು ಅಡುಗೆಮನೆಯ ಕುಕ್ಕರಿನ ಸೀಟಿಯ ಕೆಲಸ ಮಾಡುತ್ತದೆ. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಮಟ್ಟವೂ ಏರುತ್ತದೆ. ಸೊಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಬಯಲು ಪಾತ್ರೆಯಲ್ಲಿ ನೀರು 98 ಡಿಗ್ರಿ ದಾಟುತ್ತಲೇ ಕುದಿಯುತ್ತದೆ. 7 ಪೌಂಡ್ ಒತ್ತಡದ ಮುಚ್ಚಳ ಹಾಕಿದರೆ ಕುದಿಯುವ ಮಟ್ಟ ಇನ್ನೂ ಹತ್ತು ಡಿಗ್ರಿ ಮೇಲೆ ಹೋಗುತ್ತದೆ. ಮುಚ್ಚಳದ ರಬ್ಬರು ಕಲ್ಲಾಗಿ ಒತ್ತಡ ಹಿಡಿಯದಿದ್ದರೆ, ಗಾಡಿ ಸರಿಯಿದ್ದರೂ ನೀರು ಬೇಗ ಹೊರಬೀಳುತ್ತದೆ. ಹೊಸ ಮುಚ್ಚಳಕ್ಕೆ ಹೆಚ್ಚು ಖರ್ಚಿಲ್ಲ. ಮೊದಲು ಅದನ್ನೇ ಬದಲಿಸಿ ನೋಡುವುದು ಜಾಣತನ. ಆದರೆ ಈಗಿನ ಗಾಡಿಗಳ 13, 15 ಪೌಂಡಿನ ಮುಚ್ಚಳ ತಂದು ಹಳೆಯದಕ್ಕೆ ಹಾಕಬಾರದು. ಹಳೆಯ ರೇಡಿಯೇಟರಿನ ಬೆಸುಗೆಗಳು ಅದನ್ನು ತಾಳಲಾರವು. ಗಾಡಿಯ ಕೈಪಿಡಿಯಲ್ಲಿ ಬರೆದ ಒತ್ತಡದ್ದೇ ಇರಬೇಕು.

ಬೇಕಾದವರು ಒಂದು ಬಾಟಲಿಯನ್ನೂ ಜೋಡಿಸಿಕೊಳ್ಳಬಹುದು. ನಮ್ಮ ಗಾಡಿಗೆ ಮಿಸ್ತ್ರಿಯಿಂದ ಜೋಡಿಸಿದ್ದೇವೆ. ನಳಿಗೆಯ ತುದಿ ಬಾಟಲಿಯ ತಳದ ನೀರಿನಲ್ಲಿ ಮುಳುಗಿರಬೇಕು. ಮುಚ್ಚಳವೂ ಬದಲಾಗಬೇಕು; ಮೇಲಿನ ಅಂಚಿಗೂ ರಬ್ಬರಿನ ಬಿಲ್ಲೆ ಇರುವಂಥದ್ದು ಹಾಕಬೇಕು. ಆಗ ಬಿಸಿಗೆ ಹೊರಹೋದ ನೀರು, ಗಾಡಿ ತಣ್ಣಗಾದಾಗ ತಾನಾಗಿ ಒಳಗೆ ಎಳೆಯಲ್ಪಡುತ್ತದೆ. ಅಂಗಳವೂ ಒದ್ದೆಯಾಗುವುದಿಲ್ಲ.

ಇಲ್ಲಿಯ ತನಕ ಹೇಳಿದ್ದು ಗಾಡಿಯ ವಿಷಯ. ಇನ್ನು ಹೇಳುವುದು ಜೀವದ ವಿಷಯ. ತುಳುಕುವುದರಿಂದ ಯಾರಿಗೂ ಹಾನಿಯಿಲ್ಲ. ತುಳುಕಿದ್ದನ್ನು ಕಂಡು ನಾವು ಮಾಡುವ ಅವಸರದಿಂದಲೇ ಹಾನಿ.

2009ರ ಮೇ ತಿಂಗಳಲ್ಲಿ ಮನೆಮಂದಿಯೊಡನೆ ಕುಂಥಲಗಿರಿ ಯಾತ್ರೆಗೆ ಹೊರಟಿದ್ದೆವು. ತುಳಜಾಪುರದ ಘಾಟು ಹತ್ತಿ ಚಹಕ್ಕೆ ನಿಂತಾಗ, ನಮ್ಮ ಪಕ್ಕದಲ್ಲಿಯೇ ಇನ್ನೊಂದು ಕುಟುಂಬದ ಅಂಬಾಸಿಡರ್ ಬಂದು ನಿಂತಿತು. ಬಾನೆಟ್ಟಿನ ಕೆಳಗೆ ನೀರು ಸುರಿಯುತ್ತಿತ್ತು. ಗಾಡಿ ನಡೆಸುತ್ತಿದ್ದವನು ಇಪ್ಪತ್ತರ ಹುಡುಗ. ಹಿಂದೆ ಕುಳಿತವರು ಹೊತ್ತಾಯಿತೆಂದು ಅವಸರ ಮಾಡುತ್ತಿದ್ದರು. “ತಮ್ಮಾ, ತಡಿ, ಈಗ ತಗೀಬ್ಯಾಡ” ಎಂದು ನಾವು ಕೂಗಿದೆವು. “ಏನಾಗಂಗಿಲ್ರೀ ಕಾಕಾ, ದಿನಾ ತಗಿತೀನಿ” ಎನ್ನುತ್ತಲೇ ಆತ ಹೆಗಲ ಮೇಲಿನ ತೆಳು ವಸ್ತ್ರ ಹಿಡಿದು ಮುಚ್ಚಳ ತಿರುಗಿಸಿಬಿಟ್ಟ. ಒಳಗೆ ಒತ್ತಡದಲ್ಲಿ ನೂರು ಡಿಗ್ರಿ ದಾಟಿದರೂ ಕುದಿಯದೆ ನಿಂತ ನೀರು, ಒತ್ತಡ ಬಿಟ್ಟ ಆ ಕ್ಷಣದಲ್ಲಿ ಉಗಿಯಾಗಿ ಆಳೆತ್ತರ ಹಾರಿತು. ಪುಣ್ಯಕ್ಕೆ ಮುಖ ಹೊರಳಿಸಿದ್ದ. ಬಲಗೈ, ಕುತ್ತಿಗೆ, ಎದೆಯ ಒಂದು ಭಾಗ ಬೆಂದಿತು. ಚಹದ ಅಂಗಡಿಯವರು ಪೇಸ್ಟು ಹಚ್ಚಲು ಓಡಿಬಂದರು. ನಮ್ಮ ಮನೆಯವರು ಅದನ್ನು ತಡೆದು, ಕೊಡಗಟ್ಟಲೆ ತಣ್ಣೀರು ಸುರಿಸುತ್ತ ಕುಳಿತರು. ಆಮೇಲೆ ನಮ್ಮ ಗಾಡಿಯಲ್ಲಿಯೇ ಅವನನ್ನು ಆಸ್ಪತ್ರೆಗೆ ಮುಟ್ಟಿಸಿದೆವು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗಲಿಲ್ಲವೆಂದು ಅನಂತರ ತಿಳಿಯಿತು. ದಿನಗೂಲಿಯ ಮನೆಗೆ ಅದು ಸಣ್ಣ ಪೆಟ್ಟಲ್ಲ. ಅರ್ಧ ತಾಸು ಉಳಿಸಲು ಹೋಗಿ ಆ ಹುಡುಗ ಇಷ್ಟು ತೆತ್ತ. ಅವಸರ ಮಾಡಿದವರು ಅವನಲ್ಲ, ಹಿಂದಿನ ಸೀಟಿನವರು ಎಂಬುದನ್ನು ಗಾಡಿಯ ಒಡೆಯರಾದ ನಾವೆಲ್ಲ ನೆನಪಿಡಬೇಕು.

ಆದ್ದರಿಂದ ಮನೆಯಲ್ಲಿ ಗಾಡಿ ಮುಟ್ಟುವ ಎಲ್ಲರಿಗೂ ಈ ನಿಯಮ ಗೊತ್ತಿರಲಿ. ಬಿಸಿ ಗಾಡಿಯ ಮುಚ್ಚಳ ತೆಗೆಯಬಾರದು. ಕನಿಷ್ಠ ಅರ್ಧ ತಾಸು ಕಾಯಬೇಕು. ಮೇಲಿನ ಪೈಪನ್ನು ಮುಟ್ಟಿದರೆ ಕೈಗೆ ಬಿಸಿ ಹತ್ತಬಾರದು, ಒತ್ತಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಮಡಿಚಿ ಹಾಕಿ, ಮುಖ ದೂರವಿಟ್ಟು, ಮೊದಲ ಹಲ್ಲಿನ ತನಕ ಮಾತ್ರ ತಿರುಗಿಸಿ, ಸುಯ್ಯೆನ್ನುವ ಸಪ್ಪಳ ನಿಂತ ಮೇಲೆ ಪೂರ್ತಿ ತೆಗೆಯಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬಾರದು. ಕಾದ ಹೆಡ್ಡು ಬಿರುಕು ಬಿಡುತ್ತದೆ. ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡುವುದೇ ಮೊದಲ ಔಷಧ. ಪೇಸ್ಟು, ಅರಿಷಿಣ, ಶಾಯಿ ಯಾವುದೂ ಬೇಡ.

ಎಂಥ ನೀರು ಹಾಕಬೇಕೆಂದು ಅನೇಕರು ಕೇಳುತ್ತಾರೆ. ನಮ್ಮ ಕಡೆಯ ಬೋರಿನ ನೀರು ಗಡಸು. ನೀರು ಸೋಸಿ ಕಾಯಿಸಿ ಕುಡಿಯುವ ನಮ್ಮ ಮನೆಗಳಲ್ಲಿ ಪಾತ್ರೆಯ ತಳಕ್ಕೆ ಹತ್ತುವ ಬಿಳಿಯ ಹಕ್ಕಳೆಯನ್ನು ಎಲ್ಲ ಹೆಣ್ಣುಮಕ್ಕಳೂ ಬಲ್ಲರು. ಅದೇ ಹಕ್ಕಳೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಉತ್ತಮ. ಅದು ಸಿಗದಾಗ ಕುದಿಸಿ, ಆರಿಸಿ, ಸೋಸಿದ ನೀರು ಬೋರಿನ ನೀರಿಗಿಂತ ಎಷ್ಟೋ ಮೇಲು, ಏಕೆಂದರೆ ಕುದಿಸಿದಾಗ ಸುಣ್ಣದ ಅಂಶ ಒಂದಷ್ಟು ಪಾತ್ರೆಯಲ್ಲಿಯೇ ಉಳಿಯುತ್ತದೆ. ಅದಕ್ಕೆ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕೂಲಂಟ್ ಕೂಡಿಸಿದರೆ ತುಕ್ಕು ಹಿಡಿಯುವುದಿಲ್ಲ, ಕುದಿಯುವ ಮಟ್ಟವೂ ಏರುತ್ತದೆ.

ಆದರೆ ಈ ಕೂಲಂಟಿನ ಬಗ್ಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹೆಚ್ಚಿನ ಕೂಲಂಟ್‌ಗಳಲ್ಲಿ ಇರುವುದು ಎಥಿಲೀನ್ ಗ್ಲೈಕೋಲ್ ಎಂಬ ರಸಾಯನ. ಅದು ಸಿಹಿ, ಆದರೆ ವಿಷ. ಅಚ್ಚ ಕೂಲಂಟ್ ಒಂದೆರಡು ಚಹ ಚಮಚದಷ್ಟು ಹೊಟ್ಟೆಗೆ ಹೋದರೆ ಬೆಕ್ಕು ಸಾಯುತ್ತದೆ. ಮಕ್ಕಳಿಗೂ ಅಪಾಯ. ನಮ್ಮ ಅಂಗಡಿಯ ಮುಂದೆ ವರ್ಷಗಟ್ಟಲೆ ಮಲಗುತ್ತಿದ್ದ ಒಂದು ನಾಯಿಗೆ ದಿನಾ ಮುಂಜಾನೆ ನಮ್ಮ ಮನೆಯಿಂದಲೇ ರೊಟ್ಟಿ. ಒಂದು ಬೇಸಿಗೆಯಲ್ಲಿ ಅದು ಬೀದಿಯ ಕೊನೆಯ ಒಂದು ಗ್ಯಾರೇಜಿನ ಹೊರಗೆ ತೆರೆದಿಟ್ಟ ಬೋಗುಣಿಯ ಹಸಿರು ನೀರು ಕುಡಿಯಿತು. ಆ ಬಿಸಿಲಿನಲ್ಲಿ ಬಾಯಾರಿದ ಪ್ರಾಣಿ ಇನ್ನೇನು ಮಾಡೀತು? ಸಂಜೆಗೆ ಕುಡಿದವರಂತೆ ತೂರಾಡಿತು. ಮರುದಿನ ಸುಧಾರಿಸಿದಂತೆ ಕಂಡಿತು. ಮೂರನೆಯ ದಿನ ಮೂತ್ರ ನಿಂತು ಸತ್ತಿತು. ದೇಹದೊಳಗೆ ಈ ರಸಾಯನ ಹರಳುಗಳಾಗಿ ಮೂತ್ರಪಿಂಡವನ್ನು ಕಟ್ಟುತ್ತದೆ, ಮೊದಲ ಕೆಲವೇ ಗಂಟೆಗಳಲ್ಲಿ ತಂದಿದ್ದರೆ ಉಳಿಸಬಹುದಿತ್ತು ಎಂದು ಪಶುವೈದ್ಯರು ಹೇಳಿದರು. ಗ್ಯಾರೇಜಿನ ಹುಡುಗರಿಗೆ ಅದು ವಿಷವೆಂದೇ ಗೊತ್ತಿರಲಿಲ್ಲ.

ಇರುವೆ, ಹುಳಕ್ಕೂ ನೋವಾಗದಿರಲೆಂದು ನೀರನ್ನು ಸೋಸಿ ಬಳಸುವ ಮನೆತನದವರು ನಾವು. ನಮ್ಮ ಗಾಡಿಯ ಕೆಳಗೆ ನಿಂತ ನೀರು ಒಂದು ಮೂಕಪ್ರಾಣಿಯ ಜೀವ ತೆಗೆಯಬಾರದಲ್ಲವೇ? ಕೂಲಂಟ್ ಚೆಲ್ಲಿದರೆ ಮೇಲೆ ಮರಳು ಅಥವಾ ಕಟ್ಟಿಗೆಯ ಹೊಟ್ಟು ಹಾಕಿ ಹೀರಿಸಿ, ಚೀಲದಲ್ಲಿ ಕಟ್ಟಿ ತೆಗೆದು, ಆ ಜಾಗವನ್ನು ಸಾಕಷ್ಟು ನೀರಿನಿಂದ ತೊಳೆಯಬೇಕು. ಹಳೆಯ ಕೂಲಂಟನ್ನು ಬಾವಿಯ ಹತ್ತಿರವಾಗಲಿ ಗಟಾರಕ್ಕಾಗಲಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮಿಸ್ತ್ರಿಯ ಬಳಿ ಕೂಲಂಟ್ ಬದಲಿಸುವಾಗ ಬೋಗುಣಿಯನ್ನು ಮುಚ್ಚಿಡಲು ಹೇಳಬೇಕು. ಒಂದು ಮಾತಿನ ಶ್ರಮ, ಒಂದು ಜೀವದ ಉಳಿವು. ಪ್ರೊಪಿಲೀನ್ ಗ್ಲೈಕೋಲ್ ಎಂಬ ಇನ್ನೊಂದು ಬಗೆಯ ಕೂಲಂಟಿಗೆ ವಿಷ ಬಹಳ ಕಡಿಮೆ. ದೊರೆತವರು ಅದನ್ನೇ ಕೊಳ್ಳುವುದು ಲೇಸು.

ಈಗ ನಮ್ಮ ಮೊಮ್ಮಗ ಗಾಡಿ ಕಲಿಯುತ್ತಿದ್ದಾನೆ. ಅವನಿಗಾಗಿ ಒಂದು ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು, ಬಾನೆಟ್ ಎತ್ತುವ ಹಿಡಿಕೆಯ ಹತ್ತಿರವೇ ಅಂಟಿಸಿದ್ದೇವೆ: “ಒಂದು ಇಂಚು ಜಾಗ ಬಿಡು. ಅರ್ಧ ತಾಸು ತಡಿ. ಚೆಲ್ಲಿದ್ದನ್ನು ತೊಳಿ.” ಈ ಮೂರು ಸಾಲುಗಳನ್ನು ಓದುಗ ಬಂಧುಗಳೂ ತಮ್ಮ ತಮ್ಮ ಗಾಡಿಗಳಲ್ಲಿ ಬರೆದು ಅಂಟಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಬೇಸಿಗೆ ಬರುವ ಮೊದಲೇ ಈ ಕೆಲಸವಾಗಲಿ.

ಜೈ ಜಿನೇಂದ್ರ.